ಲೋಹದ ಮೇಲಿನ ಬಣ್ಣವೂ ಮಾಸುತ್ತದೆ

ಅಮೂರ್ತ ಚಿತ್ರಗಳ ಪ್ರತಿಕೃತಿಗಳನ್ನು ಅಲ್ಯೂಮಿನಿಯಂ ಫಲಕದ ಮೇಲೆ ಅಚ್ಚುಮಾಡಿಸಿ ಗೋಡೆಗೆ ತೂಗುಹಾಕುವ ಅಭಿರುಚಿ ಬೆಳೆದಿರುವುದು ಸಂತೋಷದ ಸಂಗತಿಯೇ ಆದರೂ, ಅದರ ಜೊತೆಯಲ್ಲೇ ಹಬ್ಬಿರುವ ಒಂದು ನಂಬಿಕೆಯನ್ನು ಕೇಳಿದಾಗಲೆಲ್ಲ ನನ್ನ ಸಹನೆ ಕದಡುತ್ತದೆ. ಕ್ಯಾನ್ವಾಸಿಗೆ ಬೂಷ್ಟು ಹಿಡಿಯುವುದು, ಕಾಗದ ಹಳದಿಗಟ್ಟುವುದು, ಲೋಹವಾದರೋ ಅಕ್ಷಯವಾದುದು. ಆದುದರಿಂದ ಅದರ ಮೇಲಣ ಚಿತ್ರವೂ ಶಾಶ್ವತವೆಂಬುದೇ ಆ ನಂಬಿಕೆ.

ಚಿತ್ರವು ಲೋಹದಲ್ಲಿ ಇರುವುದೇ ಇಲ್ಲ. ಮೆಟಲ್ ಪ್ರಿಂಟ್ ಎಂದು ಮಾರುವವುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ವಿಧಾನದಲ್ಲಿ, ಚಿತ್ರವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಅದನ್ನು ಪಾಲಿಯೆಸ್ಟರ್ ಲೇಪನವುಳ್ಳ ಅಲ್ಯೂಮಿನಿಯಂ ತಗಡಿಗೆ ತಾಗಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒತ್ತಿದಾಗ, ಬಣ್ಣವು ಆವಿಯಾಗಿ ಆ ಲೇಪನದೊಳಗೆ ಸೇರಿಕೊಳ್ಳುತ್ತದೆ. ತಗಡು ಕೇವಲ ಆಧಾರ. ನೀರಿಗೆ ಅದು ಅಂಜದೆಂಬುದು ದಿಟ; ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುವುದು ತಗಡನ್ನಲ್ಲ, ಬಣ್ಣದ ಅಣುಗಳನ್ನು. ಪಡುವಣ ಕಿಟಕಿಯೆದುರಿನ ಗೋಡೆಯಿಂದ ಇಳಿಸಿದ ಫಲಕವೊಂದರಲ್ಲಿ, ಚೌಕಟ್ಟಿನ ಅಂಚಿನಡಿ ಅಡಗಿದ್ದ ಬೆರಳಗಲದ ಪಟ್ಟಿ ಗಾಢ ಕೆನ್ನೇರಳೆಯಾಗಿಯೇ ಉಳಿದು, ಮಿಕ್ಕ ಭಾಗವೆಲ್ಲ ಕಂದಿ ಬೂದಿಗೆ ತಿರುಗಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೋ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೋಜನಶಾಲೆಗೆಂದು ರಚಿಸಿದ, 1964ರಲ್ಲಿ ಅಲ್ಲಿ ನೆಲೆಗೊಂಡ ಬೃಹತ್ ಚಿತ್ರಗಳು, ಅವನು ಬಳಸಿದ ಲಿಥಾಲ್ ಕೆಂಪು ಬೆಳಕಿಗೆ ತಾಳದ ಬಣ್ಣವಾದ ಕಾರಣ, ದೊಡ್ಡ ಕಿಟಕಿಗಳ ಬಿಸಿಲಿನಲ್ಲಿ ವಿವರ್ಣಗೊಂಡು, 1979ರಲ್ಲಿ ಉಗ್ರಾಣ ಸೇರಿದವು; 2014ರಲ್ಲಿ ಅವನ್ನು ಮರಳಿ ಪ್ರದರ್ಶಿಸುವಾಗ, ಕಳೆದುಹೋದ ವರ್ಣಗಳನ್ನು ಪ್ರೊಜೆಕ್ಟರಿನ ಬೆಳಕಿನಿಂದ ಕ್ಯಾನ್ವಾಸಿನ ಮೇಲೆ ಹಾಯಿಸಬೇಕಾಯಿತು. ಅಷ್ಟು ಮಹತ್ತರವಾದ ಮೂಲಕೃತಿಗೇ ಹದಿನೈದು ವರ್ಷದ ಬೆಳಕು ಈ ಗತಿ ತಂದಿತೆಂದ ಬಳಿಕ, ಪ್ರತಿಕೃತಿಗೆ ಶಾಶ್ವತತ್ವವನ್ನು ದಯಪಾಲಿಸಲು ಅಲ್ಯೂಮಿನಿಯಮಿಗೆ ಶಕ್ತಿಯೆಲ್ಲಿಂದ ಬರಬೇಕು? ನಿಸರ್ಗದೃಶ್ಯದಲ್ಲಿ ಆಕಾಶ ತುಸು ಕಂದಿದರೂ ಕಣ್ಣು ಅದನ್ನು ಆಕಾಶವೆಂದೇ ಗುರುತಿಸುತ್ತದೆ. ಅಮೂರ್ತ ಚಿತ್ರದಲ್ಲಾದರೋ ವರ್ಣಕ್ಕೂ ವರ್ಣಕ್ಕೂ ಇರುವ ಸಂಬಂಧವೇ ವಸ್ತುವಾದುದರಿಂದ, ಒಂದು ಬಣ್ಣ ಮಾಸಿದರೆ ಕೃತಿಯೇ ಬೇರೆಯಾಗುತ್ತದೆ.

ಈ ಪ್ರತಿಕೃತಿಗಳ ಸುತ್ತ ಬೇರೆ ತಪ್ಪು ನಂಬಿಕೆಗಳೂ ಇವೆ. ಚಿತ್ರ ಅಮೂರ್ತವಾದ ಕಾರಣ, ಫಲಕದ ಅಳತೆಗೆ ಹೊಂದಿಸಲು ಅದರ ಅಂಚು ಕತ್ತರಿಸಿದರೂ ನಷ್ಟವಿಲ್ಲವೆನ್ನುವವರು, ಕ್ಯಾಂಡಿನ್ಸ್ಕಿಯ 1923ರ ‘ಕಾಂಪೊಸಿಷನ್ 8’ರ ಎಡ ಮೇಲ್ಮೂಲೆಯ ವೃತ್ತವನ್ನು ಮುಚ್ಚಿಟ್ಟು ಉಳಿದುದನ್ನು ಒಮ್ಮೆ ನೋಡಲಿ. ಬೆಳ್ಳಿಹೊಳಪಿನ ಫಲಕದಲ್ಲಿ ಬಿಳಿ ಬಿಳಿಯಾಗಿಯೇ ಬರುವುದೆಂಬುದು ಸುಳ್ಳು. ಮೇಲೆ ಹೇಳಿದ ವಿಧಾನದಲ್ಲಿ ಬಿಳಿ ಶಾಯಿಯೇ ಇಲ್ಲ, ಅಲ್ಲಿ ಕಾಣುವುದು ಲೋಹ. ಅಂತರ್ಜಾಲದಲ್ಲಿ ದೊರೆತ ಚಿತ್ರವನ್ನೆಲ್ಲ ಅಚ್ಚುಹಾಕಿಸಿ ಮಾರಬಹುದೆಂಬುದೂ ಸುಳ್ಳು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಕಲಾವಿದನ ಮರಣಾನಂತರ 60 ವರ್ಷ ಉಳಿಯುವುದರಿಂದ, 2016ರಲ್ಲಿ ತೀರಿಕೊಂಡ ಎಸ್. ಎಚ್. ರಝಾ ಅವರ ‘ಬಿಂದು’ ಇನ್ನೂ ಎಲ್ಲರ ಸೊತ್ತಲ್ಲ.

ಹಿಡಿ ಬೇಳೆಯನ್ನೂ ಅಂಗೈಯಲ್ಲಿ ಹರಡಿ ನೋಡಿ ಕೊಳ್ಳುವ ನಮ್ಮ ಜನ, ಸಾವಿರಾರು ರೂಪಾಯಿಯ ಚಿತ್ರದ ವಿಷಯದಲ್ಲಿ ಮಾತ್ರ ಮಾರುವವನ ಮಾತನ್ನೇ ಪ್ರಮಾಣವೆಂದು ಸ್ವೀಕರಿಸುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕೊಳ್ಳುವ ಮುನ್ನ ಅಂಗೈಯಗಲದ ಮಾದರಿಯೊಂದನ್ನು ಕೇಳಿ ಪಡೆಯಿರಿ. ಅದರ ಅರ್ಧಕ್ಕೆ ದಪ್ಪ ರಟ್ಟನ್ನು ಕಟ್ಟಿ, ಒಂದು ಬೇಸಗೆಯೆಲ್ಲ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಆಮೇಲೆ ರಟ್ಟನ್ನು ತೆಗೆದು ಎರಡು ಅರ್ಧಗಳನ್ನೂ ಹೋಲಿಸಿ ನೋಡಿರಿ.