ತೋಟಾದ ಅಳತೆ

ತೋಟ ಎಂಬ ಮಾತಿಗೂ ತೋಟಾ ಎಂಬ ಮಾತಿಗೂ ನಡುವೆ ಇರುವುದು ಒಂದೇ ಮಾತ್ರೆಯ ಅಂತರ. ಮೊದಲನೆಯದರಲ್ಲಿ ಕಾಫಿ, ಕಿತ್ತಳೆ, ಮೆಣಸು ಬೆಳೆಯುತ್ತವೆ; ಎರಡನೆಯದರಲ್ಲಿ ಮದ್ದು ಮತ್ತು ಚರೆ ತುಂಬಿರುತ್ತವೆ. ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ನಿಂತು ಹ್ರಸ್ವದೀರ್ಘಗಳ ಭೇದವನ್ನು ವಿವರಿಸಿದವನು ನಾನು. ಆದರೆ ಈ ಎರಡನೆಯ ವಸ್ತುವಿನಲ್ಲಿಯೂ ಉದ್ದದ ತಪ್ಪು ಎಷ್ಟು ದುಬಾರಿಯಾಗಬಲ್ಲುದೆಂಬುದು ನನಗೆ ತಿಳಿದದ್ದು ತರಗತಿಯ ಹೊರಗೆ, ಕೊಡಗಿನ ಒಂದು ಮನೆಯ ಅಂಗಳದಲ್ಲಿ. ಕೋವಿವಿದ್ಯೆಯಲ್ಲಿ ನಾನು ಪಂಡಿತನಲ್ಲ. ತಪ್ಪು ನನ್ನದೇ ಆದುದರಿಂದ ಅದನ್ನು ಹೇಳುವ ಅಧಿಕಾರ ಮಾತ್ರ ನನಗಿದೆ ಎಂದುಕೊಂಡಿದ್ದೇನೆ.

ಆಗ ನಾನು ಮಡಿಕೇರಿಯಲ್ಲಿ ಅಧ್ಯಾಪಕನಾಗಿದ್ದೆ. ನಾಟಿಯ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಪರಿಚಿತ ಕೊಡವ ಹಿರಿಯರೊಬ್ಬರು ಮನೆಗೆ ಕರೆದಿದ್ದರು. ಅಂದು ಮನೆಯ ಕೋವಿ, ಕತ್ತಿಗಳನ್ನು ಸಾಲಾಗಿ ಇರಿಸಿ, ತೋಕ್‌ಪೂ ಎಂಬ ಕೆಂಪು ಹಳದಿ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಸಂಜೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಯಜಮಾನರ ಕೈಯಲ್ಲಿದ್ದುದು ಅವರ ಅಜ್ಜನ ಕಾಲದ, ಇಂಗ್ಲೆಂಡಿನಲ್ಲಿ ತಯಾರಾದ ಜೋಡುನಳಿಗೆಯ ಕೋವಿ. ಅಳಿಯ ಪೇಟೆಯಿಂದ ತಂದ ಹೊಸ ತೋಟಾಗಳ ಪೆಟ್ಟಿಗೆಯ ಮೇಲೆ 12 ಎಂದೂ 70 ಮಿಲಿಮೀಟರ್ ಎಂದೂ ಅಚ್ಚಾಗಿತ್ತು. ಯಜಮಾನರು ಹುಬ್ಬು ಗಂಟಿಕ್ಕಿದರು.

"ನಮ್ಮ ಹಳೆಯ ಪೆಟ್ಟಿಗೆಯ ಮೇಲೆ 65 ಅಂತ ಇತ್ತು ಮೇಷ್ಟ್ರೇ. ನಿಮ್ಮ ಕಣ್ಣು ಚೆನ್ನಾಗಿದೆ, ಸ್ವಲ್ಪ ನೋಡಿ."

ನಾನು ಅವರ ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಅಡಿಪಟ್ಟಿ ತರಿಸಿ, ಒಂದು ತೋಟಾವನ್ನು ಅಳೆದೆ. ಸುಮಾರು 58 ಮಿಲಿಮೀಟರ್! "ಪೆಟ್ಟಿಗೆಯ ಮೇಲಿನ ಬರಹವೇ ಸುಳ್ಳು, ಯಜಮಾನರೇ. 65ರ ಜಾಗದಲ್ಲಿ ಇದು ಆರಾಮವಾಗಿ ಕೂರುತ್ತದೆ" ಎಂದು ತೀರ್ಪು ಕೊಟ್ಟೆ. ಕೂತಿತು. ಕೋವಿ ಯಾವ ತಕರಾರೂ ಇಲ್ಲದೆ ಮುಚ್ಚಿಕೊಂಡಿತು. ಈಡು ಹಾರಿದಾಗ ಮಾತ್ರ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು ಭುಜ ಹಿಡಿದುಕೊಂಡರು. ತೆಂಗಿನಕಾಯಿ ಮರದಲ್ಲೇ ಇತ್ತು. ಕೋವಿ ಮುರಿದು ನೋಡಿದರೆ ಖಾಲಿ ತೋಟಾ ಸಲೀಸಾಗಿ ಹೊರಬರಲಿಲ್ಲ. ಬಂದಾಗ ಅದರ ಬಾಯಿ ಹರಿದು ಚಿಂದಿಯಾಗಿತ್ತು. ಅದನ್ನು ಎಳೆದು ನೇರಮಾಡಿ ಮತ್ತೆ ಅಡಿಪಟ್ಟಿಯ ಮೇಲಿಟ್ಟೆ. ಸರಿಯಾಗಿ 70.

ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ತೋಟಾದ ಮೇಲೆ ಬರೆಯುವ ಉದ್ದ ಅದು ಹಾರುವ ಮುಂಚಿನದಲ್ಲ, ಹಾರಿದ ಮೇಲಿನದು. ಹಿತ್ತಾಳೆಯ ತಳ, ಅದರ ನಡುವೆ ಕೇಪು, ಮೇಲೆ ಮದ್ದು, ಬಿಲ್ಲೆ, ಚರೆ. ಇಷ್ಟನ್ನು ತುಂಬಿದ ಮೇಲೆ ಚರೆ ಚೆಲ್ಲದಂತೆ ಕೊಳವೆಯ ಬಾಯನ್ನು ಒಳಕ್ಕೆ ಮಡಿಸುತ್ತಾರೆ. ಬೀಡಿಯ ತುದಿಯನ್ನು ಮಡಿಸಿದ ಹಾಗೆ ಎಂದರೆ ತಮಗೆ ಹೊಳೆದೀತು. ಹೂದಳದಂತೆ ಮಡಿಸಿದ ಆ ಬಾಯಿ ಹತ್ತು ಹನ್ನೆರಡು ಮಿಲಿಮೀಟರುಗಳನ್ನು ನುಂಗಿ ಕುಳಿತಿರುತ್ತದೆ. ಈಡು ಹಾರುವ ಕ್ಷಣದಲ್ಲಿ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ತೋಟಾ ಕೂರುವ ಕೋಣೆ ಮುಗಿದೊಡನೆ ನಳಿಗೆ ಇಳಿಜಾರಾಗಿ ಕಿರಿದಾಗುತ್ತದೆಯಷ್ಟೆ. ಕೋಣೆ ಗಿಡ್ಡವಾಗಿದ್ದರೆ ಬಿಚ್ಚಿದ ಬಾಯಿ ಈ ಕೊರಳಿನಲ್ಲಿ ಸಿಕ್ಕಿ, ಚರೆ ಹಾಯಬೇಕಾದ ದಾರಿಯನ್ನೇ ಬಿಗಿಮಾಡುತ್ತದೆ. ಹಿಂದೆ ಒತ್ತಡ ಏರುತ್ತದೆ. ಉದ್ದದ ತೋಟಾದಲ್ಲಿ ಮದ್ದಿನ ಬಲವೂ ಸಾಮಾನ್ಯವಾಗಿ ಹೆಚ್ಚು. ಹಳೆಯ ಕೋವಿಯ ಕೀಲು ಸಡಿಲವಾಗುವುದರಿಂದ ಹಿಡಿದು ನಳಿಗೆ ಸೀಳುವವರೆಗೆ ಏನೂ ಆಗಬಹುದು. ನಮ್ಮ ಪಾಲಿಗೆ ಬಂದದ್ದು ಭುಜದ ನೋವು ಮಾತ್ರ.

ಮರುದಿನ ಕೋವಿ ರಿಪೇರಿಯವರು ನಳಿಗೆಗಳನ್ನು ಬಿಚ್ಚಿ ಬುಡದ ಚಪ್ಪಟೆ ಭಾಗವನ್ನು ತೋರಿಸಿದರು. ಅಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆಗಳ ನಡುವೆ ಎರಡೂವರೆ ಅಂಗುಲ ಎಂದು ಕೆತ್ತಿತ್ತು. ನಳಿಗೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತಬೇಕೆಂದು ಆ ಊರಿಗೆ 1813ರಲ್ಲಿಯೇ ಕಾನೂನಾಗಿತ್ತು. ಮೂರು ತಲೆಮಾರು ಎಣ್ಣೆ ಹಚ್ಚಿ ಒರೆಸಿದ ಕಬ್ಬಿಣದ ಮೇಲೆ ಉತ್ತರ ಬರೆದಿತ್ತು; ಅಳೆಯಲು ಹೋದವನು ಅದನ್ನು ಓದಲಿಲ್ಲ. ಎರಡೂವರೆ ಅಂಗುಲವನ್ನು ಪೆಟ್ಟಿಗೆಯವರು 65 ಎನ್ನುತ್ತಾರೆ, ಎರಡೂಮುಕ್ಕಾಲು ಎಂದರೆ 70, ಮೂರು ಅಂಗುಲ ಎಂದರೆ 76.

12 ಎಂಬ ಸಂಖ್ಯೆಯದೂ ಒಂದು ವಿಚಿತ್ರವೇ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12. ಹದಿನಾರು ತೂಗಿದರೆ 16. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು.

ಜೋಡುನಳಿಗೆಯ ಕೋವಿ ತಪ್ಪು ತೋಟಾವನ್ನು ಮಾತಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದಾದ ಮೇಲೊಂದು ತಾನೇ ತುಂಬಿಕೊಳ್ಳುವ ಕೋವಿಗಳು ಹಾಗಲ್ಲ, ಅವು ಹಟ ಹಿಡಿಯುತ್ತವೆ. ಅಮೆರಿಕದ ಜಾನ್ ಬ್ರೌನಿಂಗ್ 1900ರಲ್ಲಿ ಹಕ್ಕುಪತ್ರ ಪಡೆದ ಸ್ವಯಂಚಾಲಿತ ಕೋವಿ ಬೆಲ್ಜಿಯಮ್ಮಿನಲ್ಲಿ ದಶಕಗಳ ಕಾಲ ತಯಾರಾಯಿತು. ಅದರ 16ರ ನಮೂನೆಯ ಹಳೆಯ ಕೋವಿಗಳು 65ರ ತೋಟಾಕ್ಕಾಗಿ ಮಾಡಿದವು. ಅವಕ್ಕೆ 70ರ ತೋಟಾ ಹಾಕಿದರೆ ಮೊದಲನೆಯದು ಹಾರುತ್ತದೆ. ಆದರೆ ಬಾಯಿ ಬಿಚ್ಚಿ ಉದ್ದವಾದ ಖಾಲಿ ಕೊಳವೆ ಪಕ್ಕದ ಕಿಟಕಿಯಿಂದ ಹೊರಬೀಳಲಾರದೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಒಳಹೋದಾಗ ಗಿಡ್ಡ, ಹೊರಬರುವಾಗ ಉದ್ದ! ಕೋವಿ ಕೆಟ್ಟಿದೆ ಎಂದು ಅದನ್ನು ಶಪಿಸುವವರುಂಟು. ನನಗೇನೋ ಯಜಮಾನರ ಸುಸಂಸ್ಕೃತ ಇಂಗ್ಲಿಷ್ ಕೋವಿಗಿಂತ ಈ ಜಗಳಗಂಟಿಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ತೀರ ಗಿಡ್ಡವಾದರೂ ತೊಂದರೆಯೇ. ಮೆಕ್ಸಿಕೋದ ಆಗಿಲಾ ಕಂಪನಿ ಒಂದೂಮುಕ್ಕಾಲು ಅಂಗುಲದ ಪುಟ್ಟ ತೋಟಾಗಳನ್ನು ಮಾಡುತ್ತದೆ. ಕೈಯಿಂದ ಎಳೆದು ತುಂಬುವ ಕೋವಿಯಲ್ಲಿ ನಳಿಗೆಯ ಕೆಳಗಿನ ಕೊಳವೆಯಿಂದ ತೋಟಾ ಹಿಂದೆ ಸರಿದು ಒಂದು ತಟ್ಟೆಯ ಮೇಲೆ ಬರುತ್ತದೆ. ತಟ್ಟೆ ಅದನ್ನು ಮೇಲೆತ್ತಿ ನಳಿಗೆಯ ಎದುರಿಗೆ ಹಿಡಿಯುತ್ತದೆ. ಪೂರ್ಣ ಉದ್ದದ ತೋಟಾಕ್ಕೆಂದು ಮಾಡಿದ ತಟ್ಟೆಯಲ್ಲಿ ಈ ಪುಟ್ಟದು ದೊಡ್ಡ ತೊಟ್ಟಿಲಲ್ಲಿ ಮಲಗಿಸಿದ ಕೂಸಿನಂತೆ ಹೊರಳಿ ತಲೆಕೆಳಗಾಗುತ್ತದೆ. ಖಾಲಿ ಜಾಗಕ್ಕೆ ಒಂದು ತುಂಡನ್ನು ಸಿಕ್ಕಿಸಿಯೇ ಅದನ್ನು ಸರಿಪಡಿಸಬೇಕು.

ಮಳೆನಾಡಿನವರಿಗೆ ಇನ್ನೊಂದು ಕಷ್ಟ ಗೊತ್ತು. ಪ್ಲಾಸ್ಟಿಕ್ ಬರುವ ಮೊದಲು ತೋಟಾದ ಕೊಳವೆ ಕಾಗದದ್ದು. ಯಜಮಾನರ ತಂದೆ ಆಷಾಢದಲ್ಲಿ ತೋಟಾಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡುತ್ತಿದ್ದರಂತೆ. ತೇವ ಹೀರಿ ಉಬ್ಬಿದ ತೋಟಾ ನಳಿಗೆಯೊಳಗೆ ಹೋಗದು, ಹೋದರೆ ಬಾರದು. ಇದೇ ಕಷ್ಟ 1918ರಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಅಮೆರಿಕದ ಸೈನಿಕರಿಗೂ ಒದಗಿತು. ಅವರ ವಿಂಚೆಸ್ಟರ್ ಕೋವಿಗಳಿಗೆ ಕೊನೆಗೆ ಪೂರ್ತಿ ಹಿತ್ತಾಳೆಯ ತೋಟಾಗಳನ್ನು ಕೊಡಬೇಕಾಯಿತು.

ಎಲ್ಲಕ್ಕಿಂತ ಭಯಂಕರವಾದುದು ಅಳತೆಯಲ್ಲ, ಅದಲುಬದಲು. 20ರ ತೋಟಾ ಕೈತಪ್ಪಿ 12ರ ನಳಿಗೆಗೆ ಬಿದ್ದರೆ ಕೋಣೆಯನ್ನು ದಾಟಿ ಕೊರಳಿನಲ್ಲಿ ನಿಲ್ಲುತ್ತದೆ. ಹಿಂದಿನಿಂದ ನೋಡಿದರೆ ಕೋಣೆ ಖಾಲಿ. ತುಂಬಲು ಮರೆತೆನೆಂದು ಭಾವಿಸಿ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಎಡಗೈಯ ಬಳಿಯೇ ಸಿಡಿಯುತ್ತದೆ. ಅದಕ್ಕೆಂದೇ ಅಮೆರಿಕದಲ್ಲಿ 20ರ ತೋಟಾಗಳಿಗೆ ಹಳದಿ ಬಣ್ಣ ಗೊತ್ತುಮಾಡಿದ್ದಾರೆ.

ಕೀಲು ಬಿಗಿಮಾಡಿಸಿದ ಮೇಲೆ ಯಜಮಾನರು ಆ ಕೋವಿಯನ್ನು ವರ್ಷಕ್ಕೊಮ್ಮೆ, ಹುತ್ತರಿಯಂದು ಗದ್ದೆಯಲ್ಲಿ ಕದಿರು ತೆಗೆಯುವಾಗ, 65ರ ತೋಟಾ ಹಾಕಿ ಮಾತ್ರ ಹಾರಿಸುತ್ತಿದ್ದರು. ಉಳಿದ 70ರ ಪೆಟ್ಟಿಗೆಯನ್ನು ಅಳಿಯ ಮಾರನೆಯ ದಿನವೇ ಅಂಗಡಿಗೆ ಹಿಂದಿರುಗಿಸಿದ. ಹರಿದ ಬಾಯಿಯ ಆ ಖಾಲಿ ತೋಟಾವನ್ನು ಯಜಮಾನರು ನನ್ನ ಜೇಬಿಗೇ ಹಾಕಿ ಕಳುಹಿಸಿದರು. ಅದು ಈಗಲೂ ನನ್ನ ಮೇಜಿನ ಮೇಲೆ, ಪೆನ್ಸಿಲ್ ತುಂಡುಗಳನ್ನು ಇಟ್ಟುಕೊಂಡು ನಿಂತಿದೆ.