ಸಣ್ಣ ನಾಣ್ಯಗಳ ನಿರ್ಗಮನ ಮತ್ತು ಸಂಗ್ರಾಹಕರ ತಕರಾರು

ಭಾರತದಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಕಾನೂನುಬದ್ಧ ಹಣವಾಗಿ ಉಳಿಯಲಿಲ್ಲ. ನಾಲ್ಕಾಣೆಗೆ ಏನೂ ಸಿಗದ ಕಾಲ ಬಂದಿದ್ದರಿಂದ ಸಾಮಾನ್ಯ ಜನರು ಅದನ್ನು ಹೆಚ್ಚು ಗಮನಿಸಲಿಲ್ಲ. ನಾಣ್ಯ ಸಂಗ್ರಾಹಕರೂ ಈ ಕ್ರಮದ ಹಿಂದಿನ ಅರ್ಥಶಾಸ್ತ್ರವನ್ನು ಅಲ್ಲಗಳೆಯುವವರಲ್ಲ. ಸಣ್ಣ ನಾಣ್ಯಗಳು ನಿಂತುಹೋದದ್ದಕ್ಕಿಂತ ಅವು ನಿಂತ ರೀತಿಯ ಬಗೆಗೇ ಅವರ ತಕರಾರು ಹೆಚ್ಚು.

ನಾಣ್ಯವನ್ನು ಟಂಕಿಸುವುದನ್ನು ನಿಲ್ಲಿಸುವುದು ಒಂದು ಕ್ರಮವಾದರೆ, ಈಗಾಗಲೇ ಜನರ ಕೈಯಲ್ಲಿರುವ ನಾಣ್ಯದ ಮಾನ್ಯತೆಯನ್ನೇ ರದ್ದುಪಡಿಸುವುದು ಬೇರೆಯೇ ಕ್ರಮ. ಕೆನಡಾ 2012ರ ಮೇ ತಿಂಗಳಲ್ಲಿ ಒಂದು ಸೆಂಟಿನ ನಾಣ್ಯವನ್ನು ಕೊನೆಯ ಬಾರಿಗೆ ಟಂಕಿಸಿತು. 1793ರಿಂದ ಸೆಂಟ್ ನಾಣ್ಯವನ್ನು ತಯಾರಿಸುತ್ತ ಬಂದಿದ್ದ ಅಮೆರಿಕ, ಒಂದೊಂದು ಸೆಂಟಿಗೂ ಮೂರೂವರೆ ಸೆಂಟಿಗಿಂತ ಹೆಚ್ಚು ಖರ್ಚು ಬೀಳತೊಡಗಿದ ಮೇಲೆ 2025ರ ನವೆಂಬರ್‌ನಲ್ಲಿ ಚಲಾವಣೆಗಾಗಿ ಅದನ್ನು ಟಂಕಿಸುವುದನ್ನು ಕೈಬಿಟ್ಟಿತು. ಎರಡೂ ದೇಶಗಳಲ್ಲಿ ಹಳೆಯ ಸೆಂಟುಗಳ ಮಾನ್ಯತೆಗೆ ಧಕ್ಕೆ ಬರಲಿಲ್ಲ. ಭಾರತದಲ್ಲಾದರೋ ಬ್ಯಾಂಕುಗಳು ಜೂನ್ 29ರವರೆಗೆ ಮಾತ್ರ ಸಣ್ಣ ನಾಣ್ಯಗಳನ್ನು ಬದಲಿಸಿಕೊಟ್ಟವು. ಹೀಗೆ ಹಿಂತಿರುಗಿದ ನಾಣ್ಯ ಸರ್ಕಾರದ ಲೆಕ್ಕದಲ್ಲಿ ಕೇವಲ ಲೋಹವಾಗುವುದರಿಂದ, ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಉಳಿಯಿತು ಎಂಬುದನ್ನು ತಿಳಿಯುವ ದಾರಿ ಮುಚ್ಚಿಹೋಗುತ್ತದೆಂಬುದು ಸಂಗ್ರಾಹಕರ ಕೊರಗು. ಇನ್ನು 50 ಪೈಸೆಯ ಸ್ಥಿತಿ ವಿಚಿತ್ರವಾದುದು: 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿವರೆಗಿನ ಪಾವತಿಗೆ ಅದು ಇಂದಿಗೂ ಸಲ್ಲುತ್ತದೆ, ಆದರೆ ಅದನ್ನು ತೆಗೆದುಕೊಳ್ಳುವ ಅಂಗಡಿಯವರನ್ನು ಹುಡುಕಬೇಕು.

ಈ ಕೊರಗು ಅರ್ಥವಾಗಬೇಕಾದರೆ ಪೈಸೆಗಳ ಚರಿತ್ರೆಯನ್ನು ತುಸು ನೋಡಬೇಕು. 16 ಆಣೆಗೆ ಅಥವಾ 192 ಪೈಗಳಿಗೆ ಒಂದು ರೂಪಾಯಿ ಎಂಬ ಹಳೆಯ ಲೆಕ್ಕವನ್ನು ಬಿಟ್ಟು, 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ ರೂಪಾಯಿಯ ನೂರನೆಯ ಒಂದು ಭಾಗಕ್ಕೆ ‘ನಯಾ ಪೈಸೆ’ ಎಂಬ ಹೆಸರು ಬಂತು. 1964ರಲ್ಲಿ ‘ನಯಾ’ ಉದುರಿತು. ಮೊದಲು ಕಂಚಿನಲ್ಲಿದ್ದ ಒಂದು ಪೈಸೆ ಕೆಲವೇ ವರ್ಷಗಳಲ್ಲಿ ನಿಕಲ್ ಹಿತ್ತಾಳೆಗೆ, ಆಮೇಲೆ ಹಗುರವಾದ ಅಲ್ಯೂಮಿನಿಯಮ್ಮಿಗೆ ಇಳಿಯಿತು. ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ನಾಣ್ಯ ಪೇಟೆಯಿಂದ ಮಾಯವಾಗಿ ಕುಲುಮೆ ಸೇರುತ್ತದೆಂಬ ಭಯ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಚೌಕಾಕಾರದ ಐದು ಪೈಸೆ, ಅಲೆಯಂಚಿನ ಹತ್ತು ಪೈಸೆ, 1964ರಲ್ಲಿ ಬಂದ ಆರು ಮೂಲೆಯ ಮೂರು ಪೈಸೆ, 1968ರ ಕಮಲದ ಗುರುತಿನ ಇಪ್ಪತ್ತು ಪೈಸೆ, 1988ರಿಂದ ಸ್ಟೀಲಿನಲ್ಲಿ ಬಂದ ಘೇಂಡಾಮೃಗದ ನಾಲ್ಕಾಣೆ, ಇವನ್ನೆಲ್ಲ ಸಾಲಾಗಿ ಜೋಡಿಸಿದರೆ ಒಂದು ದೇಶದ ಬೆಲೆಯೇರಿಕೆಯ ಕಥೆಯನ್ನು ಬೆರಳಿನಿಂದಲೇ ಓದಬಹುದು. ಇಸವಿಯ ಬಳಿ ಮುಂಬಯಿಯದಾದರೆ ವಜ್ರಾಕೃತಿ, ಹೈದರಾಬಾದಿನದಾದರೆ ನಕ್ಷತ್ರ, ನೋಯ್ಡಾದ್ದಾದರೆ ಚುಕ್ಕೆ ಇರುತ್ತದೆ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ಸಂಗ್ರಾಹಕರ ಕಣ್ಣಿಗೆ ಒಂದೇ ವರ್ಷದ ನಾಲ್ಕಾಣೆ ಒಂದೇ ನಾಣ್ಯವಲ್ಲದಿರಲು ಈ ಪುಟ್ಟ ಗುರುತುಗಳೇ ಕಾರಣ.

ಚಲಾವಣೆ ನಿಂತೊಡನೆ ಬೆಲೆ ಏರುತ್ತದೆಂಬ ನಂಬಿಕೆಯನ್ನು ಅನುಭವಿ ಸಂಗ್ರಾಹಕರು ಒಪ್ಪುವುದಿಲ್ಲ. ಲೆಕ್ಕವಿಲ್ಲದಷ್ಟು ಟಂಕಿತವಾಗಿ, ಕೈಯಿಂದ ಕೈಗೆ ಸವೆದ ನಾಲ್ಕಾಣೆ ಡಬ್ಬಿಯಲ್ಲಿ ಎಷ್ಟು ವರ್ಷ ಕೂತರೂ ಅಪರೂಪದ್ದಾಗದು. ಬೇಡಿಕೆಯಿರುವುದು ಚಲಾವಣೆಯನ್ನೇ ಕಾಣದೆ ಹೊಳಪುಳಿಸಿಕೊಂಡವಕ್ಕೆ ಅಥವಾ ಅಚ್ಚಿನ ದೋಷವಿರುವವಕ್ಕೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವುದಾಗಿ ನಂಬಿಸಿ, ಮೊದಲು ಶುಲ್ಕ ಕಟ್ಟಿಸಿಕೊಳ್ಳುವ ವಂಚಕರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸತೊಡಗಿದಾಗ, ತನಗೂ ಇಂಥ ವ್ಯವಹಾರಕ್ಕೂ ಸಂಬಂಧವಿಲ್ಲವೆಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು.

ಬೆಲೆಗಿಂತ ಗಂಭೀರವಾದ ಆಕ್ಷೇಪ ಹವ್ಯಾಸದ ಮುಂದಿನ ಪೀಳಿಗೆಗೆ ಸಂಬಂಧಿಸಿದ್ದು. 1982ರ ಏಷ್ಯನ್ ಕ್ರೀಡಾಕೂಟದ ನೆನಪಿಗೆ, 1985ರಲ್ಲಿ ಅರಣ್ಯದ ವಿಷಯವಾಗಿ ಹೊರಬಂದ ನಾಲ್ಕಾಣೆಗಳು ಮಾಮೂಲಿ ಚಿಲ್ಲರೆಯ ಜೊತೆಗೇ ಜನರ ಕೈ ಸೇರುತ್ತಿದ್ದುದರಿಂದ, ಶಾಲೆಯ ಮಕ್ಕಳಿಗೂ ಸಂಗ್ರಹ ಆರಂಭಿಸಲು ಮುಖಬೆಲೆಗಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಇಂದು ಸ್ಮರಣಾರ್ಥ ನಾಣ್ಯಗಳು ಬಹುಪಾಲು ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಖಬೆಲೆಯವು. ತಂಜಾವೂರಿನ ಬೃಹದೀಶ್ವರ ದೇಗುಲದ ಸಹಸ್ರಮಾನಕ್ಕೆಂದು ಬಂದ ನಾಣ್ಯದ ಮುಖಬೆಲೆಯೇ ಸಾವಿರ ರೂಪಾಯಿ. ಚಲಾವಣೆಗೇ ಬಾರದ ಇವನ್ನು ಟಂಕಸಾಲೆ ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ಇವನ್ನು ಸಂತೋಷದಿಂದ ಕೊಳ್ಳುವವರಿರುವಂತೆಯೇ, ಒಮ್ಮೆಯೂ ಚಿಲ್ಲರೆಯಾಗದ ವಸ್ತುವನ್ನು ನಾಣ್ಯವೆನ್ನುವುದಕ್ಕಿಂತ ಪದಕವೆನ್ನುವುದೇ ಸರಿಯೆಂದು ವಾದಿಸುವವರೂ ಇದ್ದಾರೆ. ನಾಣ್ಯದ ಲಕ್ಷಣವೇ ವಿನಿಮಯವಾಗಿರುವಾಗ ಎರಡನೆಯವರ ಮಾತೇ ಹೆಚ್ಚು ತೂಕದ್ದೆನಿಸುತ್ತದೆ.