ವಿಶ್ವವಿದ್ಯಾಲಯದ ಆವರಣದಲ್ಲಿ ನಿಮಗಾಗಿ ಏನೇನಿದೆ?

ಸ್ನಾತಕೋತ್ತರ ತರಗತಿಗೆ ಸೇರಿದ ದಿನ ನಿಮ್ಮ ಕೈಗೆ ಬರುವ ಶುಲ್ಕದ ರಸೀದಿಯನ್ನು ಒಮ್ಮೆ ಪೂರ್ತಿಯಾಗಿ ಓದಿ ನೋಡಿ. ಬೋಧನಾ ಶುಲ್ಕದ ಕೆಳಗೆ ಗ್ರಂಥಾಲಯ, ಪ್ರಯೋಗಾಲಯ, ಕ್ರೀಡೆ, ವೈದ್ಯಕೀಯ, ವಿದ್ಯಾರ್ಥಿ ಕಲ್ಯಾಣ ಎಂದು ಸಾಲಾಗಿ ಬಾಬುಗಳಿರುತ್ತವೆ. ಒಂದೊಂದರ ಮೊತ್ತವೂ ಸಣ್ಣದು. ಆದ್ದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ಆದರೆ ಪ್ರತಿಯೊಂದು ಬಾಬಿನ ಹಿಂದೆಯೂ ಒಂದು ಕೊಠಡಿಯೋ, ಉಪಕರಣವೋ, ಸಂಬಳ ಪಡೆಯುವ ಸಿಬ್ಬಂದಿಯೋ ಇದ್ದೇ ಇರುತ್ತದೆ. ಎರಡು ವರ್ಷ ಕಳೆದು ಅಂಕಪಟ್ಟಿ ಹಿಡಿದು ಹೊರಡುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇವುಗಳಲ್ಲಿ ಅರ್ಧವನ್ನೂ ಕಂಡಿರುವುದಿಲ್ಲ.

ಇದಕ್ಕೆ ಸೋಮಾರಿತನ ಕಾರಣವಲ್ಲ. ತಮ್ಮ ಮನೆಯಿಂದ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಿಗೆ ಇಲ್ಲಿ ಯಾರನ್ನು, ಏನೆಂದು ಕೇಳಬೇಕು ಎಂಬುದೇ ತಿಳಿದಿರುವುದಿಲ್ಲ. ತಿಳಿದರೂ ಸಂಕೋಚ ಅಡ್ಡ ಬರುತ್ತದೆ. ‘ನನ್ನೊಬ್ಬನಿಗಾಗಿ ಅಷ್ಟು ದೊಡ್ಡ ಯಂತ್ರವನ್ನು ನಡೆಸುತ್ತಾರೆಯೇ?’ ಎಂಬ ಅಳುಕು. ಈ ಸಂಕೋಚಕ್ಕೆ ಆಧಾರವಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು.

ಓದುವ ಮೊದಲೇ ಕೊಟ್ಟಾಗಿರುವ ಹಣ

ಗ್ರಂಥಾಲಯದಿಂದ ಆರಂಭಿಸೋಣ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಎಂಬ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಇದಕ್ಕೆ ಗೊತ್ತುಪಡಿಸಿದ ಮೊತ್ತ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಇದರಲ್ಲಿ ಸೇರಿವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು ಇವನ್ನು ಓದಬಹುದು. ಭಾಗಾಕಾರ ಮಾಡಿದರೆ ತಲೆಗೆ ಸುಮಾರು 3,300 ರೂಪಾಯಿ, ಎಂದರೆ ವರ್ಷಕ್ಕೆ 1,100 ರೂಪಾಯಿ. ಒಂದೇ ಸಂಶೋಧನ ಲೇಖನವನ್ನು ಬಿಡಿಯಾಗಿ ಕೊಳ್ಳಲು ಹೋದರೆ ಹಲವು ಪ್ರಕಾಶಕರು 30 ಡಾಲರಿಗೂ ಹೆಚ್ಚು ಕೇಳುತ್ತಾರೆ. ವರ್ಷಕ್ಕೆ ಒಂದು ಲೇಖನ ಓದಿದರೆ ನಿಮ್ಮ ಪಾಲಿನ ಹಣ ಸಂದಂತೆಯೇ. ಓದದಿದ್ದರೆ ಆ ಹಣವೇನೂ ಉಳಿಯುವುದಿಲ್ಲ.

ಈ ಸೌಲಭ್ಯ ದೊರೆಯುವ ಬಗೆ ಸರಳ. ಆವರಣದ ಗಣಕ ಜಾಲದೊಳಗಿಂದ ಪ್ರಕಾಶಕರ ತಾಣಕ್ಕೆ ಹೋದರೆ, ಆ ಜಾಲದ ವಿಳಾಸ ನೋಡಿಯೇ ಅದು ನಿಮ್ಮ ಸಂಸ್ಥೆಯನ್ನು ಗುರುತಿಸಿ ಬಾಗಿಲು ತೆರೆಯುತ್ತದೆ. ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಕುಳಿತು ಮೊಬೈಲ್‌ನಲ್ಲಿ ಅದೇ ಪುಟ ತೆರೆದರೆ ಹಣ ಕೇಳುತ್ತದೆ. ಇದನ್ನು ಕಂಡು ‘ನಮಗೆ ಇದು ಸಿಗುವುದಿಲ್ಲ’ ಎಂದು ತೀರ್ಮಾನಿಸಿದ ವಿದ್ಯಾರ್ಥಿಗಳು ಅನೇಕರು. ಆವರಣದ ಹೊರಗಿನಿಂದ ಓದಲು ಪ್ರತ್ಯೇಕ ಖಾತೆ ಕೊಡುವ ವ್ಯವಸ್ಥೆ ಹಲವು ಗ್ರಂಥಾಲಯಗಳಲ್ಲಿದೆ. ಗ್ರಂಥಪಾಲಕರನ್ನು ಕೇಳಿ ಪಡೆಯಬೇಕು. ಖಾಸಗಿ ಕಾಲೇಜುಗಳನ್ನು ಈ ಯೋಜನೆಯ ಮೊದಲ ಹಂತದಲ್ಲಿ ಸೇರಿಸದಿರುವುದು, ನನ್ನ ದೃಷ್ಟಿಯಲ್ಲಿ, ದೊಡ್ಡ ಕೊರತೆ.

ಯೋಜನೆಯ ನಿರ್ವಹಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಇದೇ ಕೇಂದ್ರ ನಡೆಸುವ ಶೋಧಗಂಗಾ ಎಂಬ ಭಂಡಾರ ಎಲ್ಲರಿಗೂ ಮುಕ್ತ. ಭಾರತದ ವಿಶ್ವವಿದ್ಯಾಲಯಗಳ ಐದು ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಮಹಾಪ್ರಬಂಧಗಳು ಅದರಲ್ಲಿವೆ. ಎಂ.ಎಸ್‌ಸಿ. ಯೋಜನಾ ಕಾರ್ಯಕ್ಕೆ ವಿಷಯ ಹುಡುಕುವವರು ಇಲ್ಲಿಂದ ಆರಂಭಿಸುವುದು ಒಳ್ಳೆಯದು. ನಿಯತಕಾಲಿಕದ ಲೇಖನದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಪ್ರಯೋಗ ವಿಧಾನ ಮಹಾಪ್ರಬಂಧದಲ್ಲಿ ಹಲವು ಪುಟಗಳಷ್ಟು ವಿಸ್ತಾರವಾಗಿರುತ್ತದೆ. ಯಾವ ಕುಲುಮೆ, ಎಷ್ಟು ಗಂಟೆ, ಯಾವ ಉಷ್ಣತೆ ಎಂಬುದೆಲ್ಲ ಅಲ್ಲಿ ದೊರೆಯುತ್ತದೆ.

ಬೀಗ ಹಾಕಿದ ಕೊಠಡಿಯೊಳಗಿನ ಉಪಕರಣ

ಇನ್ನು ಉಪಕರಣಗಳು. ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ‘ವಿಜ್ಞಾನ ಉಪಕರಣ ಕೇಂದ್ರ’ ಎಂಬ ವಿಭಾಗವಿದೆ. ಒಂದೊಂದು ವಿಭಾಗವೂ ಪ್ರತ್ಯೇಕವಾಗಿ ಕೊಳ್ಳಲಾಗದ ದುಬಾರಿ ಸಾಧನಗಳನ್ನು ಒಂದೆಡೆ ಇರಿಸಿ ಎಲ್ಲರಿಗೂ ಒದಗಿಸುವುದು ಇದರ ಉದ್ದೇಶ. ಇದಕ್ಕಿಂತ ಮೇಲಿನ ಹಂತದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆಯುವ ಕೇಂದ್ರಗಳಿವೆ. ‘ಸೈಫ್’ ಎಂಬ ಕಿರುಹೆಸರಿನ ಇಂಥ ಕೇಂದ್ರವೊಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ಇವು ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳಿಂದ ಬರುವ ಮಾದರಿಗಳನ್ನೂ ನಿಗದಿತ ದರಕ್ಕೆ ಪರೀಕ್ಷಿಸಿಕೊಡುತ್ತವೆ.

‘ನನ್ನೊಬ್ಬನಿಗಾಗಿ ಯಂತ್ರ ನಡೆಸುತ್ತಾರೆಯೇ’ ಎಂಬ ಅಳುಕಿಗೆ ಇಲ್ಲಿ ಉತ್ತರವಿದೆ. ನ್ಯೂಕ್ಲಿಯರ್ ಕಾಂತೀಯ ಅನುರಣನೆಯ ರೋಹಿತಮಾಪಕವನ್ನು ತೆಗೆದುಕೊಳ್ಳಿ. 400 ಮೆಗಾಹರ್ಟ್ಸ್ ಉಪಕರಣವೆಂದರೆ ಅದರೊಳಗೆ 9.4 ಟೆಸ್ಲಾ ಕಾಂತಕ್ಷೇತ್ರವಿದೆ ಎಂದರ್ಥ. ಅಷ್ಟು ಪ್ರಬಲ, ಸ್ಥಿರ ಕ್ಷೇತ್ರವನ್ನು ಉಂಟುಮಾಡುವುದು ಅತಿವಾಹಕ ತಂತಿಯ ಸುರುಳಿ. ಅದನ್ನು ದ್ರವ ಹೀಲಿಯಮ್‌ನಲ್ಲಿ, 4.2 ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮುಳುಗಿಸಿಡಬೇಕು. ಹೊರಗಿನಿಂದ ಒಳಸೇರುವ ಅಲ್ಪ ಶಾಖಕ್ಕೇ ಹೀಲಿಯಮ್ ಆವಿಯಾಗುತ್ತಲೇ ಇರುತ್ತದೆ. ಸುತ್ತಲಿನ ದ್ರವ ನೈಟ್ರೊಜನ್‌ನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಹೀಲಿಯಮನ್ನು ಕೆಲವು ತಿಂಗಳಿಗೊಮ್ಮೆ ತುಂಬಲೇಬೇಕು. ತಪ್ಪಿದರೆ ಸುರುಳಿ ಬಿಸಿಯಾಗಿ ಅತಿವಾಹಕತೆಯನ್ನು ಕಳೆದುಕೊಳ್ಳುತ್ತದೆ. ಸಂಗ್ರಹವಾಗಿದ್ದ ಶಕ್ತಿಯೆಲ್ಲ ಶಾಖವಾಗಿ ಉಳಿದ ಹೀಲಿಯಮ್ ಒಮ್ಮೆಲೇ ಕುದಿದು ಹೋಗುತ್ತದೆ. ಈಗ ಯೋಚಿಸಿ: ಒಳಗೆ ನಿಮ್ಮ ಮಾದರಿ ಇದ್ದರೂ ಇಲ್ಲದಿದ್ದರೂ ಈ ಖರ್ಚು ಬದಲಾಗುವುದಿಲ್ಲ. ಇನ್ನೊಂದು ಮಾದರಿಯನ್ನು ಇಳಿಬಿಟ್ಟು ರೋಹಿತ ಪಡೆಯುವುದಕ್ಕೆ ಬೇಕಾದ ಹೆಚ್ಚಿನ ಖರ್ಚು ಅತ್ಯಲ್ಪ. ಖಾಲಿ ಇರುವ ಉಪಕರಣವೇ ನಿಜವಾಗಿ ದುಬಾರಿ.

ವಿದ್ಯಾರ್ಥಿಗಳು ಪದೇ ಪದೇ ಹೇಳುವ ಮಾತು, ‘ಸರ್, ನಮ್ಮಲ್ಲಿ ಆ ಸೌಲಭ್ಯ ಇಲ್ಲ’ ಎಂಬುದು. ನಾನು ಬಲ್ಲ ಒಬ್ಬ ವಿದ್ಯಾರ್ಥಿ ಫೆರೈಟ್ ಪುಡಿಗಳನ್ನು ಸ್ವತಃ ತಯಾರಿಸಿದ್ದ. ಎಕ್ಸ್-ಕಿರಣ ವಿವರ್ತನೆಯ ಉಪಕರಣ ತನ್ನ ವಿಭಾಗದಲ್ಲಿ ಇಲ್ಲವೆಂದು ಮೂರು ತಿಂಗಳ ಕೆಲಸ ಬಿಟ್ಟು, ಬೇರೆ ವಿಷಯದ ಮೇಲೆ ಬರೀ ಪುಸ್ತಕದಿಂದ ವರದಿ ಬರೆದು ಮುಗಿಸಿದ. ಅದೇ ಆವರಣದಲ್ಲಿ, ಐದು ನಿಮಿಷದ ನಡಿಗೆಯಷ್ಟು ದೂರದ ಇನ್ನೊಂದು ವಿಭಾಗದಲ್ಲಿ ಆ ಉಪಕರಣ ವಾರದಲ್ಲಿ ಮೂರು ದಿನ ಸುಮ್ಮನಿರುತ್ತಿತ್ತು. ಇದಕ್ಕೆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಉಪಕರಣ ಕೊಠಡಿಯ ಮುಂದೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕವಿರುತ್ತದೆ. ಯಾರು ಬಳಸಬಹುದು, ದರವೆಷ್ಟು, ಯಾರನ್ನು ಕಾಣಬೇಕು ಎಂಬ ಫಲಕವಿರುವುದಿಲ್ಲ.

ಮಾದರಿಯನ್ನು ಕೊಡುವ ಮೊದಲು ಕೆಲವು ಸಂಗತಿಗಳು ಗೊತ್ತಿರಲಿ. ಅರ್ಜಿಗೆ ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಬೇಕು. ದರಗಳು ಸಾಮಾನ್ಯವಾಗಿ ಮೂರು ಮಟ್ಟದಲ್ಲಿರುತ್ತವೆ: ಸ್ವಂತ ವಿಶ್ವವಿದ್ಯಾಲಯದವರಿಗೆ ಕಡಮೆ, ಇತರ ಶಿಕ್ಷಣ ಸಂಸ್ಥೆಗಳಿಗೆ ತುಸು ಹೆಚ್ಚು, ಕೈಗಾರಿಕೆಗಳಿಗೆ ಎಲ್ಲಕ್ಕಿಂತ ಹೆಚ್ಚು. ಎಕ್ಸ್-ಕಿರಣ ವಿವರ್ತನೆಗೆ ಪುಡಿಯನ್ನು ಅಗೇಟ್ ಕಲ್ಲಿನ ಒರಳಲ್ಲಿ ನುಣ್ಣಗೆ ಅರೆದು ಒಯ್ಯಿರಿ. ಒರಟು ಪುಡಿಯಲ್ಲಿ ಹರಳುಗಳು ಎಲ್ಲ ದಿಕ್ಕಿಗೂ ಸಮನಾಗಿ ಮುಖಮಾಡಿರುವುದಿಲ್ಲ. ಶೃಂಗಗಳ ಎತ್ತರ ನಂಬಲು ಬಾರದು. ಅನುರಣನೆಯ ರೋಹಿತಕ್ಕೆ ಕೆಲವೇ ಮಿಲಿಗ್ರಾಮ್ ಸಾಕು, ಆದರೆ ದ್ರಾವಕದಲ್ಲಿ ಹೈಡ್ರೊಜನ್ ಬದಲು ಡ್ಯೂಟೀರಿಯಮ್ ಇರಬೇಕು; ಇಲ್ಲದಿದ್ದರೆ ದ್ರಾವಕದ ಸಂಕೇತದಲ್ಲಿ ನಿಮ್ಮ ಅಣುವಿನ ಸಂಕೇತ ಮುಳುಗಿಹೋಗುತ್ತದೆ. ಕೊನೆಯದಾಗಿ, ಮುದ್ರಿತ ಚಿತ್ರವಷ್ಟೇ ಸಾಲದು; ಅಂಕಿಗಳಿರುವ ಕಡತವನ್ನೂ ಕೇಳಿ ಪಡೆಯಿರಿ. ಚಿತ್ರದಿಂದ ಶೃಂಗದ ಅಗಲವನ್ನು ಅಳೆದು ಹರಳಿನ ಗಾತ್ರ ಕಂಡುಹಿಡಿಯಲು ಹೆಣಗುವವರನ್ನು ಪ್ರತಿ ವರ್ಷ ನೋಡುತ್ತೇನೆ.

ನಿಮ್ಮ ಆವರಣದಲ್ಲಿ ಇಲ್ಲದ್ದು ಎಲ್ಲಿದೆ ಎಂದು ತಿಳಿಯಲು ‘ಐ-ಸ್ಟೆಮ್’ ಎಂಬ ರಾಷ್ಟ್ರೀಯ ಜಾಲತಾಣವಿದೆ. 2020ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಇದು ಉದ್ಘಾಟನೆಯಾಯಿತು. ಸಾರ್ವಜನಿಕ ಹಣದಿಂದ ಕೊಂಡ ಉಪಕರಣಗಳು ಯಾವ ಊರಿನ ಯಾವ ಸಂಸ್ಥೆಯಲ್ಲಿವೆ ಎಂಬುದನ್ನು ಇದರಲ್ಲಿ ಹುಡುಕಿ ಸಮಯ ಕಾಯ್ದಿರಿಸಬಹುದು. ನಮ್ಮ ರಾಜ್ಯದಲ್ಲೇ ಮಂಗಳೂರು ವಿಶ್ವವಿದ್ಯಾಲಯದಲ್ಲಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳ ಮೈಕ್ರೊಟ್ರಾನ್ ಇದೆ. ಇಂದೋರಿನ ವಿಜ್ಞಾನಿಗಳ ನೆರವಿನಿಂದ ಸ್ಥಾಪನೆಯಾದ ಈ ಎಲೆಕ್ಟ್ರಾನ್ ವೇಗೋತ್ಕರ್ಷಕದ ಹೆಸರನ್ನೇ ಕೇಳದ ಭೌತವಿಜ್ಞಾನದ ವಿದ್ಯಾರ್ಥಿಗಳು ಪಕ್ಕದ ಜಿಲ್ಲೆಗಳಲ್ಲಿದ್ದಾರೆ. ಇನ್ನೂ ಭಾರವಾದ ಅಯಾನುಗಳು ಬೇಕಾದರೆ ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1984ರಲ್ಲಿ ಸ್ಥಾಪಿಸಿದ, ಈ ಬಗೆಯ ಕೇಂದ್ರಗಳಲ್ಲಿ ಮೊದಲನೆಯದು ಇದು. ಪದವಿ ಕಾಲೇಜುಗಳ ಅಧ್ಯಾಪಕರು ಇಲ್ಲಿ ರೂಪುಗೊಂಡ ‘ಎಕ್ಸ್‌ಪ್‌ಐಸ್’ ಎಂಬ ಪುಟ್ಟ ಸಾಧನವನ್ನು ಗಮನಿಸಬೇಕು. ಕಡಮೆ ಬೆಲೆಯ ಆ ಪೆಟ್ಟಿಗೆಯನ್ನು ಗಣಕಕ್ಕೆ ಜೋಡಿಸಿದರೆ ಆಸಿಲೊಸ್ಕೋಪಿನಿಂದ ಮಾಡುವ ಬಹಳಷ್ಟು ಪ್ರಯೋಗಗಳು ತರಗತಿಯಲ್ಲೇ ನಡೆಯುತ್ತವೆ.

ಬೇಸಗೆ ರಜೆಯ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಎರಡು ತಿಂಗಳ ಬೇಸಗೆ ಸಂಶೋಧನ ಫೆಲೊಶಿಪ್ ನೀಡುತ್ತವೆ. ಅಧ್ಯಾಪಕರಿಗೂ ಇದರಲ್ಲಿ ಅವಕಾಶವಿದೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ವಿಚಾರಿಸುವವರಿಗೆ ಅದು ಸಿಗದು. ವಿದ್ಯಾರ್ಥಿವೇತನಗಳಿಗೆ ರಾಜ್ಯದ ಮತ್ತು ಕೇಂದ್ರದ ಎರಡು ಪ್ರತ್ಯೇಕ ಜಾಲತಾಣಗಳಿವೆ. ಅರ್ಜಿಗಳು ನಿಲ್ಲುವುದು ಬಹುಮಟ್ಟಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದ ಕಾರಣದಿಂದ.

ನೆರವು ಕೊಡುವ ಮನುಷ್ಯರು

ಇಲ್ಲಿಯವರೆಗೆ ಹೇಳಿದ್ದು ವಸ್ತುಗಳ ವಿಷಯ. ಮನುಷ್ಯರ ನೆರವಿನಲ್ಲಿ ಲೆಕ್ಕ ಬೇರೆ. ಕಾಂತದಂತೆ ಆಪ್ತಸಮಾಲೋಚಕರು ಹಗಲಿರುಳು ಇರಲಾರರು. ಅವರ ಸಮಯ ಮಿತವಾದದ್ದು. ಆದ್ದರಿಂದಲೇ ಬೇಗ ಹೋಗಬೇಕು. ನಿದ್ರೆ ಬಾರದ ಎರಡನೆಯ ವಾರಕ್ಕೆ ಹೋದರೆ ಎರಡು ಮೂರು ಭೇಟಿಗಳಲ್ಲಿ ಸರಿಹೋಗಬಹುದಾದದ್ದು, ಪರೀಕ್ಷೆಯ ಹಿಂದಿನ ದಿನ ಹೋದರೆ ಸರಿಹೋಗುವುದಿಲ್ಲ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹತೆಯುಳ್ಳ ಒಬ್ಬ ಸಮಾಲೋಚಕರನ್ನಾದರೂ ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಆದೇಶಿಸಿದೆ. ‘ಹೇಳಿದ್ದನ್ನು ಮನೆಗೆ ತಿಳಿಸಿಬಿಡುತ್ತಾರೇನೋ’ ಎಂಬ ಹೆದರಿಕೆ ಅನೇಕರಿಗಿದೆ. ಮಾನಸಿಕ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿದೆ. ಪ್ರಾಣಕ್ಕೆ ಅಪಾಯವಿರುವ ಸಂದರ್ಭದಂಥ ಕೆಲವು ಅಪವಾದಗಳು ಇದಕ್ಕಿವೆ. ರಾತ್ರಿ ಆವರಣದಲ್ಲಿ ಯಾರೂ ಸಿಗದ ಹೊತ್ತಿಗೆ 14416 ಎಂಬ ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ-ಮಾನಸ್’ ಸೇವೆಯ ಸಂಖ್ಯೆ ಇದು. ಇದರ ತಾಂತ್ರಿಕೇತರ ಹೊಣೆಯನ್ನು ನೋಡಿಕೊಳ್ಳುವ ಪ್ರಧಾನ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತನಾಡಬಹುದು.

ವಿಜ್ಞಾನದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಅದರಲ್ಲಿ ಸೇರಿವೆ. ಪರೀಕ್ಷೆಯಲ್ಲಿ ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ನಿಗದಿಪಡಿಸಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಬರಹಗಾರರ ಜೊತೆಗೆ ‘ಪ್ರಯೋಗಾಲಯ ಸಹಾಯಕ’ ಎಂಬ ಮಾತೂ ಆ ಮಾರ್ಗಸೂಚಿಯಲ್ಲಿದೆ ಎಂಬುದನ್ನು ನಮ್ಮಲ್ಲಿ ಗಮನಿಸಿದವರು ಕಡಮೆ. ದೃಷ್ಟಿ ಮಂದವಿರುವ ವಿದ್ಯಾರ್ಥಿನಿಗೆ ವರ್ನಿಯರ್ ಮಾಪಕವನ್ನು ಇನ್ನೊಬ್ಬರು ಓದಿ ಹೇಳಬಹುದು. ಏನನ್ನು ಅಳೆಯಬೇಕು, ಏಕೆ, ದೋಷವೆಷ್ಟು ಎಂಬುದನ್ನು ಅವಳೇ ನಿರ್ಧರಿಸುತ್ತಾಳೆ. ಭೌತವಿಜ್ಞಾನ ಇರುವುದು ಆ ನಿರ್ಧಾರದಲ್ಲಿ. ಬರೆಯಲು ತೊಂದರೆಯಿದ್ದು, ಅಂಗವೈಕಲ್ಯದ ಪ್ರಮಾಣ ಶೇಕಡ 40ಕ್ಕಿಂತ ಕಡಮೆಯಿದ್ದರೂ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಈ ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಅರ್ಜಿಯ ನಮೂನೆಯನ್ನು ಪರೀಕ್ಷಾ ವಿಭಾಗದಿಂದಲೇ, ಸೆಮಿಸ್ಟರಿನ ಆರಂಭದಲ್ಲೇ ತರಬೇಕು.

ಕೇಳಿದ್ದು ಸಿಗದಿದ್ದರೆ? ಅದಕ್ಕೂ ದಾರಿಯಿದೆ. ಧನಸಹಾಯ ಆಯೋಗದ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ತಲಪಿದ 15 ಕೆಲಸದ ದಿನಗಳೊಳಗೆ ಅದು ವರದಿ ನೀಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅವರಿಗಿರುವ ಅವಧಿ 30 ದಿನ. ಬಾಯಿಮಾತಿನ ದೂರಿಗೆ ಈ ಗಡುವುಗಳು ಅನ್ವಯಿಸುವಂತೆ ಮಾಡುವುದು ಕಷ್ಟ. ಒಂದು ಪುಟ ಮೀರದಂತೆ ಬರೆಯಿರಿ, ಏನು ಕೇಳಿದ್ದಿರಿ, ಯಾವ ದಿನ, ಯಾರು ಏನೆಂದರು ಎಂಬುದಷ್ಟೇ ಇರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ದಿನಗಳ ಎಣಿಕೆ ಆ ದಿನಾಂಕದಿಂದ ಆರಂಭವಾಗುತ್ತದೆ.